ಒಗ್ಗರಣೆ ಇಲ್ಲದ ಉಪ್ಪಿಟ್ಟು

ಒಗ್ಗರಣೆ ಹಾಕುವ ಮುನ್ನ ನಾನು ಈಗಲೂ ಒಮ್ಮೆ ನಡುಮನೆಯ ಕಡೆ ನೋಡುತ್ತೇನೆ. ಅಲ್ಲಿರುವುದು ಎರಡು ಕುರ್ಚಿ, ಒಂದು ರೇಡಿಯೊ. ಸಾಸಿವೆ ಸಿಡಿದರೆ ಅವಕ್ಕೇನೂ ಕೇಡಿಲ್ಲ. ಆದರೆ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳುವಿನ ಮನೆಯಲ್ಲಿ ಹುಟ್ಟಿದವರಿಗೆ ಈ ಅಳುಕು ತಾಯಿಹಾಲಿನ ಜೊತೆಗೇ ಬಂದಿರುತ್ತದೆ.

ನಮ್ಮಲ್ಲಿ ನಡುಮನೆ ಹುಳುಗಳದು. ಜಗಲಿ, ಹಿತ್ತಿಲು ನಮ್ಮವು. ನಾಲ್ಕನೆಯ ಸಲ ಪೊರೆ ಬಿಟ್ಟ ಮೇಲೆ ಗೂಡು ಕಟ್ಟುವವರೆಗೆ ಮನೆಯಲ್ಲಿ ಊದುಬತ್ತಿಯಿಲ್ಲ, ನಶ್ಯವಿಲ್ಲ, ಒಗ್ಗರಣೆಯಂತೂ ಇಲ್ಲವೇ ಇಲ್ಲ. ಘಾಟು ತಗುಲಿದರೆ ಹುಳು ಸೊಪ್ಪು ಮೇಯುವುದನ್ನೇ ಬಿಡುತ್ತವೆ ಎಂಬುದು ಅಜ್ಜಿಯ ಶಾಸ್ತ್ರ. ಷಡ್ರಸಗಳನ್ನು ಲೆಕ್ಕ ಹಾಕಿದ ಪಂಡಿತರು ಒಗ್ಗರಣೆಯನ್ನು ಏಳನೆಯದಾಗಿ ಏಕೆ ಸೇರಿಸಲಿಲ್ಲವೆಂದು ನಾನು ಬಹಳ ಯೋಚಿಸಿದ್ದೇನೆ. ಅವರ ಮನೆಯಲ್ಲೂ ಹುಳು ಇದ್ದಿರಬೇಕು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ನಮ್ಮ ವಂಶದಲ್ಲಿ ಅಲ್ಲಿಯವರೆಗೆ ಹೋದವರೇ ಇರಲಿಲ್ಲ. ಬೆಂಗಳೂರಿಗೆ ಹೋಗಿ ಕಾಲೇಜು ಸೇರಬೇಕೆಂದು ನಾನು, ಗೌರಿಬಿದನೂರಿನ ಕಡೆಯ ಗಂಡಿಗೆ ಕೊಡಬೇಕೆಂದು ಅಪ್ಪ. ಒಳ್ಳೆ ಜಮೀನಿದ್ದ ಮನೆ. ಬೇಡವೆನ್ನಲು ಕಾರಣವಿರಲಿಲ್ಲ, ನನ್ನ ಆಸೆಯನ್ನು ಯಾರೂ ಕಾರಣವೆಂದು ಎಣಿಸಿರಲಿಲ್ಲ.

ಹೆಣ್ಣು ನೋಡುವವರು ಹುಳುಗಳ ಪಂಚಾಂಗ ಕೇಳಿಕೊಂಡು ಬರುವುದಿಲ್ಲವಲ್ಲ. ಹುಳು ಹಗಲಿರುಳೂ ಮೇಯುತ್ತಿದ್ದ ವಾರದಲ್ಲೇ ಅವರು ಬಂದು ಜಗಲಿಯ ಮೇಲೆ ಕುಳಿತರು. ಅಜ್ಜಿ ರವೆಯನ್ನು ಉಪ್ಪುನೀರಲ್ಲಿ ಬೇಯಿಸಿ, ಉಪ್ಪಿಟ್ಟೆಂದು ಹೆಸರಿಟ್ಟು ತಂದಿಟ್ಟಳು. ಗಂಡಿನ ತಾಯಿ ಒಂದು ತುತ್ತು ಬಾಯಿಗಿಟ್ಟು ಹಾಗೇ ನಿಲ್ಲಿಸಿದರು.

"ಏನಮ್ಮಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಹುಳ ಅವೆ ಕಣಮ್ಮ. ಒಗ್ಗರಣೆ ಹಾಕಂಗಿಲ್ಲ," ಅಂದಳು ಅಜ್ಜಿ.

"ಹುಳಕ್ಕಿರೋ ಮರ್ಯಾದೆ ಬೀಗರಿಗಿಲ್ಲ ಅನ್ನಿ. ಹುಡುಗಿ ಒಂದಿಷ್ಟು ಚಿತ್ರಾನ್ನ ಕಲಸ್ಕೊಂಡು ಬರ್ಲಿ, ಕೈರುಚಿ ನೋಡಣ."

ಅಪ್ಪ ನನ್ನ ಮುಖ ನೋಡದೆಯೇ ಹೇಳಿದ, "ಒಂದು ಸಲ ತಾನೇ. ಹಾಕಮ್ಮ."

ಗೂಡಿನ ಬೆಳೆ ಹೋದರೂ ಸಂಬಂಧ ಹೋಗಬಾರದು ಎಂದು ಅದರ ಅರ್ಥ. ಒಲೆಯ ಮುಂದೆ ಕುಳಿತು ಎಣ್ಣೆಯ ಕುಡಿಕೆ ಎತ್ತಿಕೊಂಡೆ. ಗೋಡೆಯಾಚೆ ಹುಳುಗಳು ಸೊಪ್ಪು ಮೇಯುವ ಸದ್ದು, ಸಣ್ಣ ಮಳೆಯಂತೆ. ನಾನೇನೂ ಧೀರೆಯಲ್ಲ, ಹಲ್ಲಿಗೂ ಹೆದರುವವಳು. ಆದರೂ ಕುಡಿಕೆ ಕೆಳಗಿಟ್ಟು ಜಗಲಿಗೆ ಬಂದೆ.

"ಇವು ಗೂಡು ಕಟ್ಟೋವರ್ಗೂ ನಾನು ಒಗ್ಗರಣೆ ಹಾಕಲ್ಲ. ಕಾಯೋದಾದ್ರೆ ಕಾಯಿರಿ. ಅಷ್ಟರೊಳಗೆ ನಾನು ಕಾಲೇಜು ಸೇರಿರ್ತೀನಿ."

"ನಾಲಿಗೆ ಉದ್ದ ಐತೆ," ಎಂದು ಗಂಡಿನ ತಾಯಿ ಎದ್ದರು. ಉಳಿದವರೂ ಎದ್ದರು. ಅಜ್ಜಿ "ಪೋನೀಲೇ," ಹೋದರೆ ಹೋಗಲಿ ಎಂದು ತೆಲುಗಿನಲ್ಲೇ ಅವರನ್ನು ಕಳಿಸಿಕೊಟ್ಟು ತಟ್ಟೆಗಳನ್ನು ಎತ್ತಿದಳು.

ಬೆಳೆ ಕೈಬಿಡಲು ಹೊರಟವನು ತಾನು, ಉಳಿಸಿದವಳು ಮಗಳು ಎಂಬುದು ಅಪ್ಪನಿಗೂ ಗೊತ್ತಿತ್ತು. ಮಾರನೆಯ ದಿನ ತೋಟದಲ್ಲಿ ಸೊಪ್ಪು ಕೊಯ್ಯುತ್ತ ಕೇಳಿದ:

"ಹಾಸ್ಟೆಲ್ನಾಗೆ ಮುದ್ದೆ ಹಾಕ್ತಾರಾ?"

"ಇಲ್ವಂತೆ ಅಪ್ಪ. ಬರೀ ಅನ್ನ."

"ಬರೀ ಅನ್ನ ತಿಂದ್ಕಂಡು ಅದೆಂಗೆ ಓದ್ತೀಯೋ ನೋಡ್ತೀನಿ."

ನಮ್ಮ ಮನೆಯಲ್ಲಿ ಒಪ್ಪಿಗೆ ಕೊಡುವುದು ಹೀಗೆ.

ಅನ್ನ ತಿಂದೇ ಬಿ.ಎ. ಮುಗಿಸಿದೆ. ಇಂಗ್ಲಿಷಿನಲ್ಲಿ ಒಮ್ಮೆ ಮುಗ್ಗರಿಸಿದ್ದೂ ಉಂಟು. ಅದಕ್ಕೆ ಅಪ್ಪ ಅನ್ನವನ್ನೇ ಬೈದ. ಆಮೇಲೆ ಚಿಂತಾಮಣಿಯ ಮೇಷ್ಟರೊಬ್ಬರೊಂದಿಗೆ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯ ಮಾತು ಬಂದಾಗ ಬೀಗರ ಕಡೆಯ ಹಿರಿಯರೊಬ್ಬರು, ಹೆಣ್ಣಿನ ಹೆಸರಿನ ಮುಂದೆ ಬಿ.ಎ. ಯಾಕೆ, ತೆಗೆಸಿಬಿಡಿ ಅಂದರು. ಅಪ್ಪ ಕೈಮುಗಿದು, "ಅಚ್ಚಾಗೋಯ್ತಲ್ಲ ಸ್ವಾಮಿ," ಅಂದ. ಪತ್ರಿಕೆ ಆಗಿನ್ನೂ ಪ್ರೆಸ್ಸಿಗೇ ಹೋಗಿರಲಿಲ್ಲ.

ಅಚ್ಚಾಗಿ ಬಂದ ದಿನ ಹೆಂಗಸರು ಸುತ್ತ ಕುಳಿತು ಪತ್ರಿಕೆಗಳಿಗೆ ಅರಿಸಿನ ಹಚ್ಚುತ್ತಿದ್ದರು. ಓದು ಬಾರದ ಅಜ್ಜಿ ಆ ಎರಡಕ್ಷರ ಯಾವುವೆಂದು ಅಪ್ಪನಿಂದ ತೋರಿಸಿಕೊಂಡಳು. ಅವುಗಳ ಮೇಲೆ ಸ್ವಲ್ಪ ಹೊತ್ತು ಬೆರಳಿಟ್ಟುಕೊಂಡಿದ್ದು, ಆಮೇಲೆ ಹೇಳಿದಳು:

"ಮೂಲೆಗೆ ಮಾತ್ರ ಹಚ್ರೇ. ಇದು ಊರೋರಿಗೆ ಕಾಣಬೇಕು."