ಮಾಸ್ತಿಕಟ್ಟೆಯಲ್ಲಿ ತುಂಬಿಸಿದ ಕ್ಯಾಸೆಟ್

ಸಾಗರದ ನಮ್ಮ ತಂಡದ ಪೋಸ್ಟರಿನಲ್ಲಿ ‘ಮಲೆನಾಡಿನ ಏಕೈಕ ರಾಕ್ ಬ್ಯಾಂಡ್’ ಎಂದಿರುತ್ತಿತ್ತು. ಎರಡನೆಯದು ಹುಟ್ಟಿರಲಿಲ್ಲವಾದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ಹೊಟ್ಟೆ ಬಂದು ಕೂದಲು ಹೋದ ಮೂವರು ಹಿರಿಯರು ಎಪ್ಪತ್ತರ ದಶಕದಿಂದಲೂ ಗಿಟಾರು, ಡ್ರಮ್ಮು ಹಿಡಿದು ಹೊಸನಗರದವರೆಗಿನ ಗಣಪತಿ ಪೆಂಡಾಲುಗಳನ್ನು ನಡುಗಿಸಿದ್ದರು. ಅವರು ಬೆವರೊರೆಸಿಕೊಳ್ಳುವಾಗ ಜನ ಎದ್ದು ಹೋಗದಂತೆ ತಡೆಯುವುದು ನನ್ನ ಕೆಲಸ. ನಾನು ಮಿಮಿಕ್ರಿಯವನು. ತಹಶೀಲ್ದಾರರು, ಕಂಡಕ್ಟರು, ಕೆಟ್ಟು ನಿಂತ ಜೀಪು, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ಸ್ವಂತ ದನಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಹೆಚ್ಚು ಚಪ್ಪಾಳೆ ಬೀಳುತ್ತಿದ್ದುದು ಆ ಮೂವರಲ್ಲೊಬ್ಬರಾದ ನಮ್ಮ ಹಾಡುಗಾರರನ್ನೇ ಅಣಕಿಸಿದಾಗ. ಮೇಲಿನ ಸ್ವರಕ್ಕೆ ಹತ್ತುವ ಮುಂಚೆ ಅವರ ಗಂಟಲು ಮರಳು ಸಿಕ್ಕಿಕೊಂಡಂತೆ ಕರಕರ ಎನ್ನುತ್ತಿತ್ತು. ನಾನದನ್ನು ಮಾಡಿದರೆ ಅವರೂ ಪಕ್ಕದಲ್ಲಿ ನಿಂತು ನಗುತ್ತಿದ್ದರು. ಬರಬರುತ್ತ ಆ ಕರಕರ ಕೆಳಗಿನ ಸ್ವರಗಳಿಗೂ ಇಳಿಯಿತು, ಮಾತಿಗೂ ಬಂತು. ಡಾಕ್ಟರು ಕತ್ತು ಮುಟ್ಟಿ ನೋಡಿ, ಹಾಡು ನಿಲ್ಲಿಸಿ, ಬೇಗ ದೊಡ್ಡಾಸ್ಪತ್ರೆಗೆ ಹೋಗಿ ಎಂದರಂತೆ. ಹೋಗುವ ಮೊದಲು ಒಂದು ಕ್ಯಾಸೆಟ್ ಆಗಲೇಬೇಕೆಂದು ಹಾಡುಗಾರರು ಹಟ ಹಿಡಿದರು. ಅಷ್ಟು ವರ್ಷ ಹಾಡಿದರೂ ಅವರ ದನಿ ಎಲ್ಲಿಯೂ ರೆಕಾರ್ಡ್ ಆಗಿರಲಿಲ್ಲ.

ತೀರ್ಥಹಳ್ಳಿಯ ರೆಕಾರ್ಡಿಂಗಿನವನು ಮಾಸ್ತಿಕಟ್ಟೆಯಲ್ಲಿ ಖಾಲಿ ಗೋದಾಮೊಂದರ ಗೋಡೆಗೆ ಕಂಬಳಿ ಹೊಡೆದು, ಇದೇ ಸ್ಟುಡಿಯೋ ಎಂದ. ಹತ್ತಿರದಲ್ಲೇ ಅಣೆಕಟ್ಟಿನ ಕೆಲಸ. ಬಂಡೆ ಸಿಡಿಸುವ ಮುಂಚೆ ಸೈರನ್ ಕೂಗುತ್ತಿತ್ತು. ನಾವು ವಾದ್ಯ ಕೆಳಗಿಟ್ಟು, ನೆಲ ನಡುಗಿ ನಿಲ್ಲುವವರೆಗೆ ಕಾಯುತ್ತಿದ್ದೆವು. ಆ ನಿಶ್ಶಬ್ದದಲ್ಲಿ ಕೇಳಿಸುತ್ತಿದ್ದುದು ಹಾಡುಗಾರರ ಉಸಿರೊಂದೇ, ಒದ್ದೆ ಸೌದೆ ಎಳೆದ ಹಾಗೆ.

ಕೊನೆಯ ಹಾಡಿನ ಮೇಲಿನ ಸ್ವರ ಎಷ್ಟು ಸಲ ಹಾಡಿದರೂ ಎಟುಕಲಿಲ್ಲ. ಅದೊಂದು ಸಾಲು ಮಿಮಿಕ್ರಿ ಹುಡುಗ ಹಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಗಿಟಾರಿನವರು ಮೆಲ್ಲಗೆ ಹೇಳಿದರು. ಹಾಡುಗಾರರು ನನ್ನ ಕಡೆ ತಿರುಗಿದರು.

“ನನ್ನ ದನಿ ಮಾಡ್ತೀಯಲ್ಲ, ಮಾಡೋ. ಈಗಿಂದು ಅಲ್ಲ ಮತ್ತೆ. ಮೊದ್ಲಿಂದು.”

ಮೈಕಿನ ಮುಂದೆ ಠೀವಿಯಿಂದ ನಿಂತು ಬಾಯಿ ತೆರೆದೆ. ಕರಕರ ಬಂತು. ಗಂಟಲು ಸರಿಮಾಡಿಕೊಂಡು ಮತ್ತೆ ಹಾಡಿದೆ. ಮತ್ತೂ ಅದೇ. ಅವರ ಮೊದಲಿನ ದನಿಯನ್ನು ನಾನು ಕೇಳಿರಲಿಲ್ಲ ಎಂದಲ್ಲ. ಆದರೆ ನೆಟ್ಟಗಿರುವ ದನಿಯಲ್ಲಿ ಅಣಕಿಸುವವನಿಗೆ ಹಿಡಿಯಲು ಹಿಡಿಕೆಯೇ ಇರುವುದಿಲ್ಲ. ಅದನ್ನು ಕಲಿಯುವ ಗೋಜಿಗೇ ನಾನು ಹೋಗಿರಲಿಲ್ಲ. ಕಾಯಿಲೆಯನ್ನು ಮಾತ್ರ ಅಚ್ಚುಕಟ್ಟಾಗಿ ಬಾಯಿಪಾಠ ಮಾಡಿಕೊಂಡಿದ್ದೆ.

ಹಾಡುಗಾರರು ಹೆಡ್‌ಫೋನ್ ಹಾಕಿಕೊಂಡು ನಾನು ಹಾಡಿದ್ದನ್ನು ಎರಡು ಸಲ ಕೇಳಿದರು.

“ನನ್ನ ದನಿ ಇಷ್ಟು ಹಾಳಾಗಿದ್ಯಾ?”

ಎಲ್ಲದಕ್ಕೂ ಒಂದು ಕುಚೋದ್ಯವಿಟ್ಟುಕೊಂಡಿದ್ದ ನಾನು ಗೋಡೆಯ ಕಂಬಳಿ ನೋಡುತ್ತ ನಿಂತೆ.

“ಸರಿ, ಆಚೆ ಸರಿಯೋ. ಹಾಳಾಗಿದ್ರೂ ನಂದೇ ಇರ್ಲಿ.”

ಹಾಡು ಮೊದಲಿನಿಂದ ಶುರುವಾಯಿತು. ನಡುವೆ ಸೈರನ್ ಕೂಗಿತು. ಈ ಸಲ ಯಾರೂ ವಾದ್ಯ ಇಳಿಸಲಿಲ್ಲ. ಮೇಲಿನ ಸ್ವರದಲ್ಲಿ ದನಿ ಸೀಳಿಹೋಯಿತು. ಸೀಳಿದ ದನಿಯಲ್ಲೇ ಅವರು ಹಾಡಿ ಮುಗಿಸಿದರು.

ಆಮೇಲೆ ಹಾಡುಗಾರರೂ ನಾನೂ ಎದುರಿನ ಹೋಟೆಲಿಗೆ ಹೋದೆವು. ಟೀ ಹೇಳಲು ಅವರು ಬಾಯಿ ತೆರೆದರೆ ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿ, ನನ್ನ ಭುಜ ತಿವಿದು ಒಲೆಯ ಕಡೆ ಕೈ ತೋರಿಸಿದರು. ನಾನು ಯೋಚಿಸದೆ ಅವರ ದನಿಯಲ್ಲೇ, “ಎರಡು ಟೀ ಮಾರಾಯ್ರೆ” ಎಂದುಬಿಟ್ಟೆ.

ವಾರದಿಂದ ನಮ್ಮನ್ನು ಕಾಣುತ್ತಿದ್ದ ಹೋಟೆಲಿನವರು ಒಲೆಯ ಕಡೆಯಿಂದ ತಿರುಗದೆಯೇ ಕೇಳಿದರು: “ಗಂಟ್ಲು ಇನ್ನೂ ಸರಿ ಹೋಗ್ಲಿಲ್ವಾ ನಿಮ್ದು?”

ಹಾಡುಗಾರರು ನನ್ನ ಮುಖವನ್ನೇ ನೋಡುತ್ತ ಕುಳಿತರು, ಉತ್ತರ ನನಗೇ ಗೊತ್ತಿದೆ ಎಂಬಂತೆ.