ಮನೆಯವರಿಗೆ ಕೊನೆಯ ಪಂಕ್ತಿ

ಮೇಷ್ಟ್ರ ಮೇಜಿನ ಮೇಲೆ ಯಾವಾಗಲೂ ಒಂದು ಕೈವಾರ ಇರುತ್ತಿತ್ತು. ಅದರಲ್ಲಿ ವೃತ್ತ ಎಳೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಹೊಲ ಸುತ್ತಿ ಬಂದವರೇ ಕುರ್ಚಿಯಲ್ಲಿ ಕುಳಿತು, ಚಪ್ಪಲಿಯನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು, ಅಟ್ಟೆಗೆ ಚುಚ್ಚಿದ ಜಾಲಿ ಮುಳ್ಳುಗಳನ್ನು ಆ ಕೈವಾರದ ಮೊನೆಯಿಂದ ಒಂದೊಂದಾಗಿ ಕೀಳುತ್ತಿದ್ದರು. ಕಿತ್ತದ್ದನ್ನು ಕಸದ ಬುಟ್ಟಿಗೆ ಹಾಕದೆ ನನ್ನ ಕೀಬೋರ್ಡಿನ ಪಕ್ಕದಲ್ಲಿ ಸಾಲಾಗಿ ಇಡುವರು. ನಾನು ಹೊಲಕ್ಕೆ ಹೋಗಿ ಬಂದೆ, ನೀನು ಯಾವಾಗ ಹೋಗುತ್ತೀಯೆ ಎಂಬುದು ಅದರ ಅರ್ಥ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಧುಗಿರಿಯ ಐಟಿಐಯಲ್ಲಿ ನಮಗೆ ಡ್ರಾಯಿಂಗ್ ಹೇಳಿಕೊಟ್ಟ ಮೇಷ್ಟ್ರು ಅವರು. ಅಲ್ಲಿ ಗುತ್ತಿಗೆಯ ಕೆಲಸ ಮುಗಿದ ಮೇಲೆ ಪಾವಗಡದಲ್ಲಿ ಸರ್ವೆ ಮತ್ತು ನಕ್ಷೆಯ ಸಣ್ಣ ಆಫೀಸು ತೆರೆದರು, ನನ್ನನ್ನೂ ಕರೆದುಕೊಂಡರು. ಅವರಿಗಿದ್ದ ಒಬ್ಬಳೇ ಮಗಳು ಶಾಲೆಗೆ ಹೋಗುವ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ನನ್ನಲ್ಲಿ ಆ ಮಗಳನ್ನೇ ಕಂಡರು ಎಂದು ಈಗ ಜನ ಹೇಳುತ್ತಾರೆ. ಶುದ್ಧ ಸುಳ್ಳು. ನನ್ನಲ್ಲಿ ಅವರು ಕಂಡದ್ದು ಒಬ್ಬ ಸೋಮಾರಿಯನ್ನು, ಅಷ್ಟೇ.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರಿಗೆ ‘ಅರೇ’ ಎಂಬ ಕಮ್ಯಾಂಡ್ ಅನ್ನವಿದ್ದಂತೆ. ಒಂದು ಚಿತ್ರ ಬರೆದು, ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು, ನಡುವೆ ಎಷ್ಟು ಜಾಗ ಎಂದು ಹೇಳಿ ಎಂಟರ್ ಒತ್ತಿದರೆ, ಅದೇ ಚಿತ್ರ ಪರದೆಯ ತುಂಬ ಸಾಲುಸಾಲಾಗಿ ಬಂದು ಕೂರುತ್ತದೆ. ಬೇರೆಯವರು ಕಿಟಕಿ, ಕುರ್ಚಿ ಬರೆಸಿ ಅದನ್ನು ಕಲಿಸುತ್ತಾರೆ. ಇವರು ಕಡಲೆಕಾಯಿ ಹೊಲ ಬರೆಸಿದರು.

“ಕೂರಿಗೇಲಿ ಬಿತ್ತಿದಂಗೆ ಕಣಮ್ಮ. ಮೊದಲ್ನೇ ಸಾಲು ಡೊಂಕಾದ್ರೆ ಹೊಲವೆಲ್ಲ ಡೊಂಕು,” ಅಂದರು. ಬರೆದು ತೋರಿಸಿದಾಗ, ಬಂಡೆ ಎಲ್ಲಿ ಎಂದು ಕೇಳಿದರು. ಯಾವ ಬಂಡೆ ಸಾರ್ ಅಂದೆ. ಮಧುಗಿರಿ ಸೀಮೆಯಲ್ಲಿ ಬಂಡೆ ಇಲ್ಲದ ಹೊಲವನ್ನು ಯಾವಳು ನೋಡಿದ್ದಾಳೆ ಎಂದು ಬೈದು, ನಡುವೆ ಒಂದಷ್ಟು ಗಿಡಗಳನ್ನು ಅಳಿಸುವಂತೆ ಮಾಡಿದರು. ಕ್ಲಾಸೆಲ್ಲ ನಕ್ಕಿತು. ಸಾಲು ಮಾಡಿದ ಮೇಲೆ ನೆಲ ನೋಡಿ ಅಳಿಸಬೇಕು ಎಂಬುದನ್ನು ನಾನು ಕಲಿತದ್ದು ಹಾಗೆ.

ಊಟದ ವಿಷಯದಲ್ಲಿ ಅವರದು ಹಳೆಯ ಹಟ. ಆಯುಧಪೂಜೆಗೆ ಆಫೀಸಿನಲ್ಲಿ ಅಡುಗೆ ಮಾಡಿಸಿದರೆ ಟೀ ತಂದುಕೊಡುವವನಿಂದ ಹಿಡಿದು ಅಕ್ಕಪಕ್ಕದ ಅಂಗಡಿಯವರೆಲ್ಲ ಉಂಡೆದ್ದ ಮೇಲೆ ತಾವು ಕೂರುವರು. ಅಷ್ಟೊತ್ತಿಗೆ ಪಾಯಸ ಮುಗಿದಿರುತ್ತಿತ್ತು. ಮನೆಯವರಿಗೆ ಕೊನೆಯ ಪಂಕ್ತಿ ಎಂದು ಅನ್ನಕ್ಕೆ ಮಜ್ಜಿಗೆ ಹಾಕಿಕೊಳ್ಳುವರು. ಅವರ ಹೆಂಡತಿ ಪಕ್ಕದಲ್ಲೇ ಕುಳಿತು ಅದನ್ನೇ ಉಣ್ಣುತ್ತಿದ್ದರು, ಗೊಣಗದೆ.

ಆಮೇಲೆ ಸೋಲಾರ್ ಬಂತು. ಆ ಕಡೆಯ ಹೊಲಗಳೆಲ್ಲ ಕರೆಂಟಿನ ಕಂಪನಿಗೆ ಬಾಡಿಗೆಗೆ ಹೋದವು. ಮೇಷ್ಟ್ರ ಹೊಲವೂ ಹೋಯಿತು. ಮಗಳನ್ನು ಮಣ್ಣು ಮಾಡಿದ್ದು ಅದೇ ಹೊಲದ ಮೂಲೆಯಲ್ಲಿ. ನಮ್ಮ ಕಡೆ ಸತ್ತವರು ಊರು ಬಿಟ್ಟು ದೂರ ಹೋಗುವುದಿಲ್ಲ, ಹೊಲದಲ್ಲೇ ಇರುತ್ತಾರೆ. ಯುಗಾದಿಯ ಮಾರನೆಯ ದಿನ ಅವಳಿಗೆ ಅಲ್ಲಿ ಒಬ್ಬಟ್ಟಿನ ಎಡೆ. ಆ ಜಾಗ ಬಿಡಿಸುತ್ತೇನೆ ಎಂದು ಮೇಷ್ಟ್ರು ಮಾತು ಕೊಟ್ಟ ಮೇಲೆಯೇ ಹೆಂಡತಿ ಕಾಗದಕ್ಕೆ ಸಹಿ ಹಾಕಿದ್ದು.

ಒಂದು ಭಾಗದ ನಕ್ಷೆ ನಮ್ಮ ಆಫೀಸಿಗೇ ಬಂತು. ಸೋಲಾರ್ ಪ್ಲೇಟುಗಳನ್ನು ಹೊರುವ ಕಬ್ಬಿಣದ ಚೌಕಟ್ಟಿಗೆ ಟೇಬಲ್ ಅನ್ನುತ್ತಾರೆ. ನಾನು ಒಂದು ಟೇಬಲ್ ಬರೆದು ಅರೇ ಕೊಟ್ಟೆ. ಹೊಲ, ಬದು, ಹುಣಸೆಮರ ಎಲ್ಲದರ ಮೇಲೂ ಬಂದು ಕೂತಿತು. ಮೇಷ್ಟ್ರು ಊರೂರು ತಿರುಗಿ, ಮನೆ ಮನೆ ಕೇಳಿ, ಸತ್ತವರನ್ನು ಮಣ್ಣು ಮಾಡಿದ ಗುಡ್ಡೆಗಳನ್ನು ಗುರುತು ಮಾಡಿಕೊಂಡು ಬಂದರು. ಅವರು ಹೇಳಿದಲ್ಲಿ ನಾನು ಟೇಬಲ್ ಅಳಿಸಿದೆ. ಕಂಪನಿಯವರು ಗೊಣಗುತ್ತಲೇ ಒಪ್ಪಿಕೊಂಡರು. ನಿಮ್ಮದು ಯಾವಾಗ ಸಾರ್ ಎಂದು ಕೇಳಿದರೆ, “ನಮ್ದು ಕೊನೇಗೆ ಇದ್ದಿದ್ದೇ ಅಲ್ವ, ಬುಡು,” ಅನ್ನುವರು.

ಹಾಗೆ ಕೊನೆಯ ತನಕ ಕಾದು ಕೂತಾಗ ಕಂಪನಿಯ ಮ್ಯಾನೇಜರ್ ಬಂದರು. ಇನ್ನು ಒಂದೇ ಒಂದು ಟೇಬಲ್ ತೆಗೆಯಬಹುದು, ಅದಾದ ಮೇಲೆ ನಕ್ಷೆ ಮುಟ್ಟುವ ಹಾಗಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಹೋದರು. ನಾನು ಆಗಲೇ ಮಗಳ ಜಾಗದ ಟೇಬಲ್ ಮೇಲೆ ಮೌಸ್ ಇಟ್ಟಿದ್ದೆ. ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಮೇಷ್ಟ್ರು ಊರಿಗೆ ಹೋದಾಗ ಅವಳು ಆಂಧ್ರದ ಕಡೆ ಮಗಳ ಮನೆಯಲ್ಲಿದ್ದಳಂತೆ. ಗಂಡನ ಗುಡ್ಡೆ ಮೇಷ್ಟ್ರ ಹೊಲಕ್ಕೆ ಅಂಟಿದ ಹೊಲದಲ್ಲೇ ಇತ್ತು.

“ಮಾ ಆಯನ ಅಲ್ಲೇ ಮಲಗವ್ರೆ ಸ್ವಾಮಿ,” ಅಂದಳು ತೆಲುಗು ಬೆರೆಸಿ, ಗಂಡ ಮಧ್ಯಾಹ್ನದ ನಿದ್ದೆಯಲ್ಲಿದ್ದಾನೆ ಎನ್ನುವ ಹಾಗೆ.

ಮೇಷ್ಟ್ರು ಅವಳನ್ನು ಕೂರಿಸಿ ನೀರು ಕೊಟ್ಟರು. ಆಮೇಲೆ ಕೈವಾರ ತೆಗೆದುಕೊಂಡು ಚಪ್ಪಲಿ ಮಗುಚಿದರು. ಅದರಲ್ಲಿ ಒಂದು ಮುಳ್ಳೂ ಇರಲಿಲ್ಲ.

“ಅಜ್ಜೀದು ತೆಗಿ,” ಅಂದರು.

ನಿಮ್ಮದು ಸಾರ್ ಅಂದೆ. ಅವರು ಚಪ್ಪಲಿಯನ್ನು ಕೆಳಗಿಟ್ಟರು. ಸಾಲನ್ನೇ ಸ್ವಲ್ಪ ಸರಿಸೋಣ ಅಂದೆ. ಸರಿಸಿದರೆ ಮುಂದಿನ ಸಾಲಿನ ನೆರಳು ಹಿಂದಿನ ಪ್ಲೇಟುಗಳ ಮೇಲೆ ಬೀಳುತ್ತದೆ, ಕಂಪನಿಯವರು ಒಪ್ಪುವುದಿಲ್ಲ ಎಂದು ಪಾಠ ಹೇಳುವ ದನಿಯಲ್ಲೇ ಹೇಳಿದರು. ನಾನು ಅಜ್ಜಿಯದನ್ನು ಅಳಿಸಿದೆ. ನನಗೆ ಅವರ ಮೇಲೆ ಕೋಪ ಬಂತು, ಇವತ್ತಿಗೂ ಇದೆ. ಊರಿಗೆಲ್ಲ ಬಡಿಸಿ ಮಗಳ ಎಲೆ ಖಾಲಿ ಬಿಟ್ಟರು.

ಅಂದಿನಿಂದ ಹೆಂಡತಿ ಅವರೊಡನೆ ಮಾತು ಬಿಟ್ಟರು. ತಟ್ಟೆಗೆ ಮುದ್ದೆ ಹಾಕುತ್ತಿದ್ದರಂತೆ, ಸಾರು ಬಿಡುತ್ತಿದ್ದರಂತೆ, ಮಾತು ಮಾತ್ರ ಇಲ್ಲ. ಮೇಷ್ಟ್ರು ಆಫೀಸಿನಲ್ಲೇ ಹೊತ್ತು ಕಳೆಯತೊಡಗಿದರು. ಒಂದು ಸಲ ಮಾತ್ರ, ನಾನು ಕೇಳದೆಯೇ, “ಅವ್ಳಿಗೆ ಬಿಸ್ಲಾಗಿತ್ತು ಮಗ. ಈಗ ನೆರಳಾಯ್ತು,” ಅಂದರು. ಅದನ್ನು ಅವರೇ ನಂಬಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ. ನಾನಂತೂ ನಂಬಲಿಲ್ಲ.

ಅವರು ಹೋದ ಸುದ್ದಿ ಬೆಳಿಗ್ಗೆ ಫೋನಿನಲ್ಲಿ ಬಂತು, ಎದೆನೋವಂತೆ. ನಾನು ಕೊರಟಗೆರೆಯ ಒಂದು ಬಡಾವಣೆಯ ನಕ್ಷೆ ಬರೆಯುತ್ತಿದ್ದೆ. ಫೋನ್ ಇಟ್ಟು, ಸೈಟುಗಳ ಸಾಲು ಮುಗಿಸಿ, ಸೇವ್ ಮಾಡಿ, ಆಮೇಲೆ ಎದ್ದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಮಗಳ ಪಕ್ಕದಲ್ಲಿ ಜಾಗವಿರಲಿಲ್ಲವಾದ್ದರಿಂದ ಅವರನ್ನು ಊರಾಚೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ಬಿಸಿಲು ಜಾಸ್ತಿ ಇತ್ತು ಎಂಬುದಷ್ಟೇ ನೆನಪಿದೆ.

ಮುಂದಿನ ಯುಗಾದಿಯ ಮಾರನೆಯ ದಿನ ಅವರ ಹೆಂಡತಿ ಆಫೀಸಿಗೆ ಬಂದರು, ಕೈಯಲ್ಲಿ ಡಬ್ಬಿ.

“ನೀನೇ ಅಲ್ವೇನಮ್ಮ ಬರೆದಿದ್ದು? ನನ್ ಮಗೀನ ಜಾಗ ತೋರ್ಸು. ಎಲ್ಲಾ ಒಂದೇ ತರ ಅವೆ, ನಂಗೆ ಗೊತ್ತಾಗಲ್ಲ.”

ಗೇಟಿನವನನ್ನು ಒಪ್ಪಿಸಿ ಒಳಗೆ ಹೋದೆವು. ಕಣ್ಣು ಹಾಯಿಸಿದಷ್ಟೂ ಪ್ಲೇಟು. ಬರೆದ ನನಗೂ ಮೊದಲು ತಿಳಿಯಲಿಲ್ಲ. ಆಮೇಲೆ ಸಾಲಿನ ನಡುವೆ ಅಜ್ಜಿಯ ಗಂಡನ ಬಯಲು ಕಂಡಿತು, ಕಲ್ಲು, ಅರಿಶಿನ, ಒಣಗಿದ ಹೂವು. ಅಲ್ಲಿಂದ ಎಣಿಸಿದರೆ ಮಗಳ ಜಾಗ ಸಿಗುತ್ತದೆ, ಬೇರೆ ಯಾವ ಗುರುತೂ ಇಲ್ಲ. ಕಂಬ ಅವಳ ಮೇಲೆ ಬಿದ್ದಿದೆಯೇ ಎಂದು ಕೇಳಿದರು. ಇಲ್ಲ, ಎರಡು ಕಂಬದ ನಡುವೆ ಇದ್ದಾಳೆ ಅಂದೆ. ಅದು ನಿಜ.

ಎಣಿಸುತ್ತ ಹೊರಟವಳು ತಿರುಗಿ ನೋಡಿದರೆ ಅವರು ಬಂದಿರಲಿಲ್ಲ. ಅಜ್ಜಿಯ ಗಂಡನ ಕಲ್ಲಿನ ಮುಂದೆ ಕುಳಿತು, ಎಲೆ ಹಾಸಿ, ಒಬ್ಬಟ್ಟು ಇಟ್ಟು, ತುಪ್ಪ ಬಿಡುತ್ತಿದ್ದರು. ನಾನು ಹತ್ತಿರ ಹೋಗಿ, ಅದಲ್ಲ ಅಮ್ಮ, ನಮ್ಮದು ಮುಂದೆ ಇದೆ ಅಂದೆ.

“ಗೊತ್ತು ಕಣಮ್ಮ,” ಅಂದರು. “ನಮ್ದು ಕೊನೇಗೆ.”

ಕೈಯೂರಿ ಎದ್ದು, ಡಬ್ಬಿ ಮುಚ್ಚಿ, ನನ್ನ ಹಿಂದೆ ಬಂದರು. ಈಗ ಪ್ರತಿ ಯುಗಾದಿಗೂ ಕರೆದುಕೊಂಡು ಹೋಗುತ್ತೇನೆ. ಆಫೀಸಿಗೆ ಹಿಂತಿರುಗಿ, ಕೈವಾರ ಹಿಡಿದು ಚಪ್ಪಲಿ ಮಗುಚಿ ನೋಡುತ್ತೇನೆ. ಏನೂ ಇರುವುದಿಲ್ಲ. ಆ ನೆಲದಲ್ಲಿ ಈಗ ಮುಳ್ಳೂ ಬೆಳೆಯುವುದಿಲ್ಲ.