ಅರ್ಧ ಕೂಲಿಯ ಯಾದಮ್

ಯಾದಮನ ಗ್ಯಾರೇಜಿನಲ್ಲಿ ಕೈಕಟ್ಟಿ ನಿಂತ ಗಿರಾಕಿ ಪೂರ್ತಿ ಕೂಲಿ ಕೊಡಬೇಕು, ಕೈಜೋಡಿಸಿದವನು ಅರ್ಧ ಕೊಟ್ಟರೆ ಸಾಕು. ಮಂಗೋಲಿಯಾದ ನಮ್ಮ ಬಯಲಿನಲ್ಲಿ ಗಾಡಿ ಓಡಿಸುವ ಪ್ರತಿಯೊಬ್ಬನೂ ತಾನೂ ಮೆಕ್ಯಾನಿಕ್ಕೇ ಎಂದು ಬೀಗುವವನು. ಸ್ಪ್ಯಾನರ್ ಹಿಡಿಯದೆ ಸುಮ್ಮನೆ ನಿಂತರೆ ಮರ್ಯಾದೆ ಹೋದ ಹಾಗೆ. ಹಾಗಾಗಿ ಪೂರ್ತಿ ಕೂಲಿ ಕೊಟ್ಟವರೇ ಇಲ್ಲ. ಬೇರೆಯವರ ಕೈ ಮಾಡಿದ ಕೆಲಸಕ್ಕೆ ತಾನು ದುಡ್ಡು ತೆಗೆದುಕೊಂಡರೆ ಅದು ಕಳ್ಳತನ ಎಂದು ಯಾದಮ್ ಹೇಳುತ್ತಿದ್ದ. ಮೊದಮೊದಲು ಅದು ಮನಸ್ಸಿನಿಂದ ಬಂದ ಮಾತೇ.

ಕಳೆದ ಚಳಿಗಾಲ ಅವನ ಕೈ ನಡುಗತೊಡಗಿತು. ಚಹಾದ ಬಟ್ಟಲು ತುಟಿ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲಿರುತ್ತಿತ್ತು. ಅಂದಿನಿಂದ ಅವನ ನ್ಯಾಯ ಇನ್ನೂ ಜೋರಾಯಿತು. ನೀನೇ ಬಿಚ್ಚು, ನೀನೇ ಕೂರಿಸು, ದುಡ್ಡು ಉಳಿಯುತ್ತೆ ಎಂದು ಬಂದವರನ್ನೆಲ್ಲ ಹುರಿದುಂಬಿಸುತ್ತಿದ್ದ. ಎಂಥ ಧಾರಾಳ ಮನುಷ್ಯ ಎಂದು ಜನ ಹೊಗಳಿದರು, ಪಾಪ, ಅವರಿಗೇನು ಗೊತ್ತು. ಗುಟ್ಟು ಹೊರಬಿದ್ದರೆ ಮೆಕ್ಯಾನಿಕ್ ಎಂಬ ಹೆಸರು ಹೋಗುತ್ತಿತ್ತು. ಆ ಹೆಸರು ಬಿಟ್ಟರೆ ಅವನಿಗೆ ಬೇರೇನೂ ಇರಲಿಲ್ಲ.

ಒಂದು ಮಧ್ಯಾಹ್ನ ಕುರಿ ಕಾಯುವ ಗೋಚೂನ ವ್ಯಾನು ಕೆಮ್ಮುತ್ತ ಬಂದು ಗ್ಯಾರೇಜಿನ ಮುಂದೆ ನಿಂತುಹೋಯಿತು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಸೆವ್ಜಿದ್, ಹೆರಿಗೆ ನೋವಿನಲ್ಲಿ. ಆಸ್ಪತ್ರೆ ಇನ್ನೂ ಗುಡ್ಡದ ಆಚೆ. ದಾರಿಯಲ್ಲಿ ಬೇರೆ ಗಾಡಿಯ ಸುಳಿವಿಲ್ಲ.

“ಯಾದಮಣ್ಣ, ಇವತ್ತು ನಾನು ಕೈ ಹಾಕಲ್ಲ. ಪೂರ್ತಿ ಕೂಲಿ ತಗೊಳ್ಳಿ, ಬೇಕಾದ್ರೆ ಒಂದು ಕುರಿನೂ ಕೊಡ್ತೀನಿ. ನಾನು ಇವಳ ಹತ್ರ ಇರ್ಬೇಕು,” ಎಂದು ಗೋಚೂ ವ್ಯಾನಿನೊಳಗೆ ಹೋಗಿ ಕುಳಿತ.

ವ್ಯಾನಿನ ರೋಗ ಯಾದಮನಿಗೆ ಸದ್ದಿನಲ್ಲೇ ಗೊತ್ತಾಗಿತ್ತು: ಕಾರ್ಬುರೇಟರಿನ ಜೆಟ್ಟಿನಲ್ಲಿ, ಪೆಟ್ರೋಲು ಹಾಯುವ ಪುಟ್ಟ ಹಿತ್ತಾಳೆ ನಳಿಕೆಯಲ್ಲಿ, ಕಸ. ಒಂದು ಕೈಯನ್ನು ಇನ್ನೊಂದರಿಂದ ಅದುಮಿ ಹಿಡಿದು ಹೇಗೋ ಕಾರ್ಬುರೇಟರ್ ಬಿಚ್ಚಿ ಶೆಡ್ಡಿನೊಳಗೆ ತಂದ. ಅಕ್ಕಿಕಾಳಿನಷ್ಟಿದ್ದ ಜೆಟ್ಟು ಹೊರತೆಗೆದು ಊದಿ ಸ್ವಚ್ಛ ಮಾಡಿದ. ಮತ್ತೆ ಕೂರಿಸುವಾಗ ಅದು ಬೆರಳಿನಿಂದ ಜಾರಿತು.

ಯಾದಮ್ ಎಣ್ಣೆಮಣ್ಣಿನ ಮೇಲೆ ಮೊಣಕಾಲೂರಿ ತಡಕಾಡಿದ. ಆತುರದಲ್ಲಿ ಆಯಸ್ಕಾಂತ ಹಿಡಿದು ಎಳೆದಾಡಿದ. ಹಿತ್ತಾಳೆ ಅದಕ್ಕೆ ಅಂಟುವುದಿಲ್ಲ ಎಂಬುದೂ ಆ ಗಳಿಗೆಯಲ್ಲಿ ಮರೆತುಹೋಗಿತ್ತು. ಹೊರಗೆ ಸೆವ್ಜಿದ್ ನರಳಿದಳು. ಆ ನರಳಾಟ ಕೇಳಿದ ಮೇಲೆ ಇನ್ನು ಮುಚ್ಚಿಡಲು ಅವನಿಗೆ ಧೈರ್ಯ ಸಾಲಲಿಲ್ಲ. ಗೋಚೂನನ್ನು ಕೂಗಿ ಕರೆದ.

“ಪೂರ್ತಿ ಕೊಡ್ತೀನಿ ಅಂದ್ನಲ್ಲ, ಮತ್ತೆ ಯಾಕೆ ಕರೀತೀರಿ?” ಎಂದು ಗೋಚೂ ಸಿಡುಕುತ್ತಲೇ ಬಂದ.

ಯಾದಮ್ ಎರಡೂ ಕೈ ಮುಂದೆ ಚಾಚಿದ. “ಇವು ಕೆಲಸಕ್ಕೆ ಬರಲ್ಲ ಕಣೋ. ಹೋದ ವರ್ಷದಿಂದಲೇ ಬರ್ತಿಲ್ಲ.”

ಗೋಚೂ ಆ ಕೈಗಳನ್ನೇ ನೋಡಿದ. ಕೆಳಗೆ ಬಗ್ಗಿ ಮಣ್ಣು ಕೆದಕಿ ಜೆಟ್ಟು ಹುಡುಕಿದ, ಕೂರಿಸಿದ, ಕಾರ್ಬುರೇಟರನ್ನು ತಾನೇ ಹೊತ್ತೊಯ್ದು ಬಿಗಿದ. ಎಂಜಿನ್ನು ಶುರುವಾಯಿತು.

ಎಷ್ಟು ಕೊಡಲಿ ಎಂದು ಅವನು ಕಿಟಕಿಯಿಂದ ಕೇಳಿದ.

“ಕೆಲಸ ಮಾಡಿದ್ದು ಯಾರು?”

“ನಾನು,” ಎಂದ ಗೋಚೂ, ತಲೆ ತಗ್ಗಿಸಿ.

“ಹಾಗಾದ್ರೆ ನನಗೇನೂ ಕೊಡ್ಬೇಕಾಗಿಲ್ಲ. ಹೊರಡು, ಅವಳಿಗೆ ಹೊತ್ತಾಗ್ತಿದೆ.”

ವ್ಯಾನು ಗುಡ್ಡ ಹತ್ತಿ ಮರೆಯಾಯಿತು. ಇನ್ನು ಆಸ್ಪತ್ರೆಯಲ್ಲಿ, ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲೂ ಇದೇ ಸುದ್ದಿ. ಯಾದಮ್ ಶೆಡ್ಡಿನ ಬಾಗಿಲು ಎಳೆದ. ಚಿಲಕವನ್ನು ಕೊಂಡಿಗೆ ಸಿಕ್ಕಿಸಲು ಮತ್ತೆ ಮತ್ತೆ ನೋಡಿದ, ಸೇರಲಿಲ್ಲ. ಅರ್ಧ ಕೂಲಿ ಬಿಡ್ತೀನಿ, ಸ್ವಲ್ಪ ಕೈಹಾಕು ಎನ್ನೋಣವೆಂದರೆ ಗಿರಾಕಿಯೂ ಇರಲಿಲ್ಲ.